ವಿರಳವಲ್ಲದ ವಿರಳಲೋಹ

ನಾನು ಈ ಶಾಲೆಯಲ್ಲಿ ಕನ್ನಡ ಕಲಿಸುವವನೇ ಹೊರತು ವಿಜ್ಞಾನ ಕಲಿಸುವವನಲ್ಲ. ಕುಂದಾಪುರದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅನ್ನದ ದಾರಿ ಹುಡುಕಿಕೊಂಡು ಮುಂಬಯಿಗೆ ಬಂದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಅಂಥವನು ಒಂದು ಲೋಹದ ವಿಷಯವಾಗಿ ಬರೆಯಹೊರಟದ್ದನ್ನು ಕಂಡು ವಾಚಕರಿಗೆ ಆಶ್ಚರ್ಯವಾದರೆ ಅದು ಸಹಜವೇ. ಆದರೆ ಈ ಬರೆವಣಿಗೆಗೆ ಕಾರಣ ನಾನಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ.

2025ರ ಜೂನ್ ತಿಂಗಳು. ಬೇಸಗೆಯ ರಜೆ ಮುಗಿದು ಶಾಲೆ ತೆರೆದ ಹೊಸತು. ಆ ವರ್ಷದ ಏಪ್ರಿಲ್‌ನಲ್ಲಿ ಚೀನಾ ದೇಶವು ಏಳು ಲೋಹಗಳ ರಫ್ತಿನ ಮೇಲೆ ನಿರ್ಬಂಧ ಹಾಕಿದ್ದರಿಂದ ನಮ್ಮ ದೇಶದ ಮೋಟಾರು ಕಾರ್ಖಾನೆಗಳು ಚಿಂತೆಗೊಳಗಾಗಿರುವುವೆಂದು ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿತ್ತು. ವಾರ್ತಾವಾಚನದ ಹೊತ್ತಿನಲ್ಲಿ ಆ ಹುಡುಗನು ‘ಅಪರೂಪದ ಭೂಲೋಹ’ ಎಂಬ ಮಾತನ್ನು ಓದಿ, ಅಲ್ಲಿಗೇ ನಿಲ್ಲಿಸಿ, ನನ್ನನ್ನು ಕೇಳಿದನು: “ಸರ್, ಅಪರೂಪ ಅಂದರೆ ಎಷ್ಟು ಅಪರೂಪ? ಚಿನ್ನಕ್ಕಿಂತಲೂ ಅಪರೂಪವೇ? ಮತ್ತೆ ‘ಭೂ’ ಅಂತ ಯಾಕೆ? ಚಿನ್ನ ಸಿಗುವುದೂ ಭೂಮಿಯಲ್ಲಿಯೇ ಅಲ್ಲವೇ?”

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದೆ. ಆ ನಾಳೆ ಬರುವುದಕ್ಕೆ ಎರಡು ವಾರ ಬೇಕಾಯಿತು. ವಿಜ್ಞಾನದ ಅಧ್ಯಾಪಕರನ್ನು ಕೇಳಿ, ಸಿಕ್ಕ ಪುಸ್ತಕಗಳನ್ನು ಓದಿ ನಾನು ತಿಳಿದುಕೊಂಡದ್ದೇನೆಂದರೆ, ಆ ಹೆಸರಿನ ಎರಡು ಪದಗಳೂ ತಪ್ಪು. ಆ ಲೋಹಗಳಲ್ಲಿ ಹೆಚ್ಚಿನವು ಅಪರೂಪದವಲ್ಲ. ಅಲ್ಲಿರುವ ‘ಭೂ’ ಎಂಬುದಕ್ಕೆ ಭೂಮಿಯೆಂಬ ಅರ್ಥವೂ ಇಲ್ಲ. ಹೆಸರಿನ ತಪ್ಪು ಹೆಸರಿನಲ್ಲೇ ಮುಗಿದಿದ್ದರೆ ಅದು ವ್ಯಾಕರಣದ ಮಾತಾಗಿ ಹೋಗುತ್ತಿತ್ತು. ಅದು ನಮ್ಮ ಆಲೋಚನೆಯನ್ನೂ ತಪ್ಪುದಾರಿಗೆ ಎಳೆದಿದೆಯೆಂಬುದು ನನ್ನ ಅಭಿಪ್ರಾಯ. ಅದನ್ನು ಸೀರಿಯಂ ಎಂಬ ಒಂದೇ ಲೋಹವನ್ನು ಮುಂದಿಟ್ಟುಕೊಂಡು ನಿವೇದಿಸುತ್ತೇನೆ.

ಮೊದಲು ‘ಭೂ’ ಎಂಬುದರ ವಿಚಾರ. ಹದಿನೆಂಟನೆಯ ಶತಮಾನದ ಯುರೋಪಿನ ರಸಾಯನಶಾಸ್ತ್ರಜ್ಞರು ನೀರಿನಲ್ಲಿ ಸುಲಭವಾಗಿ ಕರಗದ, ಎಷ್ಟು ಕಾಸಿದರೂ ಜಗ್ಗದ ಪುಡಿಗಳನ್ನೆಲ್ಲ ‘ಮಣ್ಣು’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಸುಣ್ಣವೂ ಅವರ ಲೆಕ್ಕದಲ್ಲಿ ಒಂದು ಮಣ್ಣು. ಅವು ಲೋಹವು ಆಮ್ಲಜನಕದೊಡನೆ ಕೂಡಿ ಆದ ವಸ್ತುಗಳೆಂಬುದು ಅನಂತರ ತಿಳಿಯಿತು. ನಮ್ಮ ನಾಡಿನ ವೈದ್ಯರು ಲೋಹವನ್ನು ಪುಟವಿಟ್ಟು ತಾಮ್ರಭಸ್ಮ, ಲೋಹಭಸ್ಮಗಳನ್ನು ಮಾಡುತ್ತಾ ಬಂದಿದ್ದಾರೆ. ಆದಕಾರಣ ಕನ್ನಡದಲ್ಲಿ ವಿಜ್ಞಾನ ಬರೆದವರು ಈ ಗುಂಪಿಗೆ ‘ವಿರಳ ಭಸ್ಮ ಲೋಹ’ವೆಂದು ಹೆಸರಿಟ್ಟದ್ದು ಬಹಳ ತೂಕದ ಕೆಲಸ. ಅವರು ಪದವನ್ನು ಅನುವಾದಿಸದೆ ಅರ್ಥವನ್ನು ಅನುವಾದಿಸಿದರು. ಇಂದಿನ ಪತ್ರಿಕೆಗಳು ಭಸ್ಮವನ್ನು ಬಿಟ್ಟು ‘ಭೂ’ವನ್ನು ಹಿಡಿದದ್ದು ನಿಘಂಟಿನ ಮೊದಲನೆಯ ಅರ್ಥಕ್ಕೆ ಮೋಸಹೋದಂತೆ.

ಇನ್ನು ‘ವಿರಳ’ ಎಂಬುದರ ವಿಚಾರ. 1794ರಲ್ಲಿ ಗ್ಯಾಡೊಲಿನ್ ಎಂಬ ಫಿನ್ಲೆಂಡಿನ ವಿದ್ವಾಂಸನು ಸ್ವೀಡನ್ನಿನ ಇಟ್ಟರ್ಬಿ ಎಂಬಲ್ಲಿ ದೊರೆತ ಕರಿಯ ಕಲ್ಲೊಂದರಲ್ಲಿ ಒಂದು ಹೊಸ ಭಸ್ಮವನ್ನು ಕಂಡನು. ಅಂಥ ಕಲ್ಲುಗಳು ಆ ಕಾಲಕ್ಕೆ ಉತ್ತರ ಯುರೋಪಿನ ಒಂದೆರಡು ಕಡೆಗಳಲ್ಲಿ ಮಾತ್ರ ಸಿಕ್ಕಿದ್ದರಿಂದ ಅದು ವಿರಳವೆನಿಸಿತು. ಹುಡುಕದಿದ್ದುದು ಸಿಗಲಿಲ್ಲ, ಸಿಗದಿದ್ದುದು ವಿರಳವೆನಿಸಿತು, ಇಷ್ಟೇ ಆ ಹೆಸರಿನ ಇತಿಹಾಸ. ಇಂದು ಈ ಗುಂಪಿನಲ್ಲಿ 17 ಲೋಹಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಅತಿ ಸಮೃದ್ಧವಾದುದು ಸೀರಿಯಂ. ಭೂಮಿಯ ಹೊರಪದರದ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 60 ಪಾಲು ಅದೇ ಇದೆ. ನಾವು ಹಂಡೆ ಮಾಡುವ, ತಂತಿ ಎಳೆಯುವ ತಾಮ್ರದ ಪ್ರಮಾಣವೂ ಹೆಚ್ಚುಕಡಮೆ ಅಷ್ಟೇ. ಸೀಸ, ತವರಗಳಾದರೋ ಸೀರಿಯಮ್ಮಿಗಿಂತ ಎಷ್ಟೋ ಕಡಮೆ. ಚಿನ್ನದ ಮಾತನ್ನಂತೂ ಎತ್ತಲೇಬೇಕಾಗಿಲ್ಲ.

ಸೀರಿಯಂ ಬೆಳಕಿಗೆ ಬಂದದ್ದು 1803ರಲ್ಲಿ. ಸ್ವೀಡನ್ನಿನಲ್ಲಿ ಬರ್ಜೀಲಿಯಸ್ ಮತ್ತು ಹಿಸಿಂಗರ್ ಎಂಬಿಬ್ಬರೂ, ಅದೇ ವರ್ಷ ಜರ್ಮನಿಯಲ್ಲಿ ಕ್ಲಾಪ್ರೋತ್ ಎಂಬವನೂ ಒಬ್ಬರನ್ನೊಬ್ಬರು ಅರಿಯದೆಯೇ ಇದರ ಭಸ್ಮವನ್ನು ಕಂಡುಹಿಡಿದರು. ಅದಕ್ಕೆ ಎರಡು ವರ್ಷ ಹಿಂದೆ, 1801ರಲ್ಲಿ, ಸೀರಿಸ್ ಎಂಬ ಕಿರುಗ್ರಹವು ಆಕಾಶದಲ್ಲಿ ಕಂಡಿತ್ತು. ರೋಮನರ ಬೆಳೆಯ ದೇವತೆಯ ಹೆಸರು ಆ ಗ್ರಹಕ್ಕೆ, ಗ್ರಹದ ಹೆಸರು ಈ ಲೋಹಕ್ಕೆ ಬಂದಿತು. ಆದರೆ ಭಸ್ಮದಿಂದ ಲೋಹವನ್ನು ಬಿಡಿಸಿ ಶುದ್ಧರೂಪದಲ್ಲಿ ಪಡೆಯುವುದಕ್ಕೆ 1875ರವರೆಗೆ ಕಾಯಬೇಕಾಯಿತು. ಎಪ್ಪತ್ತೆರಡು ವರ್ಷಗಳ ಈ ಕಾಯುವಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಾನು ಹೇಳಲಿರುವುದಕ್ಕೆ ಇದು ಬುನಾದಿ.

ಈ ಲೋಹದ ಗುಣಗಳಾದರೂ ವಿಚಿತ್ರವಾದುವು. ನೋಡಲು ಕಬ್ಬಿಣದಂತೆ ಬೂದುಬಣ್ಣ. ಆದರೆ ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೆದು. ಗಾಳಿಗೆ ತೆರೆದಿಟ್ಟರೆ ಬೇಗನೆ ಮಂಕಾಗುತ್ತದೆ; ಆದಕಾರಣ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಒರಟಾದುದರಿಂದ ಕೆರೆದರೆ ಉದುರುವ ಪುಡಿ ಹೊತ್ತಿಕೊಂಡು ಕಿಡಿಯಾಗುತ್ತದೆ. ಅದು ಕರಗುವುದು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಕುದಿಯಲು 3,400 ಡಿಗ್ರಿಯ ಸುತ್ತುಮುತ್ತಿನ ಶಾಖ ಬೇಕು. ಇನ್ನೂ ಒಂದು ಸೋಜಿಗವುಂಟು. ವಾಯುಮಂಡಲದ ಒತ್ತಡದ ಏಳೆಂಟು ಸಾವಿರ ಪಾಲಿನಷ್ಟು ಬಲದಿಂದ ಅದುಮಿದರೆ, ಸೀರಿಯಂ ತನ್ನ ಒಳಜೋಡಣೆಯ ಮಾದರಿಯನ್ನು ಬದಲಾಯಿಸದೆಯೇ ಥಟ್ಟನೆ ತನ್ನ ಗಾತ್ರದ ಆರನೆಯ ಒಂದು ಪಾಲಿನಷ್ಟು ಕುಗ್ಗಿಬಿಡುತ್ತದೆ. ಬೇರೆ ಲೋಹಗಳಲ್ಲಿ ಇಂಥದನ್ನು ಕಾಣುವುದು ಕಷ್ಟ.

ಎಲ್ಲಕ್ಕೂ ಮುಖ್ಯವಾದ ಗುಣ ಮತ್ತೊಂದು. ಈ ಗುಂಪಿನ ಲೋಹಗಳೆಲ್ಲ ಒಂದೇ ಅಚ್ಚಿನ ಅಣ್ಣತಮ್ಮಂದಿರು. ಸಂಯೋಗಕ್ಕೆ ಹೋಗುವಾಗ ಪ್ರತಿಯೊಂದು ಪರಮಾಣುವೂ ಸಾಧಾರಣವಾಗಿ ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಸೀರಿಯಂ ಮಾತ್ರ ಸುಲಭವಾಗಿ ನಾಲ್ಕನೆಯದನ್ನೂ ಬಿಡಬಲ್ಲುದು, ಬೇಕಾದಾಗ ಮರಳಿ ಪಡೆಯಲೂ ಬಲ್ಲುದು. ಈ ಒಂದು ಕೊಡುಕೊಳ್ಳುವ ಸ್ವಭಾವದಿಂದಲೇ ಅದನ್ನು ಉಳಿದವುಗಳಿಂದ ಬೇರ್ಪಡಿಸುವುದು ಸುಲಭವಾಯಿತು. ಉದ್ಯಮಗಳಲ್ಲಿ ಅದಕ್ಕೆ ದೊರೆತ ಕೆಲಸಗಳಲ್ಲಿ ಕೆಲವು ಇದೇ ಸ್ವಭಾವದ ಫಲಗಳಾಗಿವೆ.

ಅದರ ಮೊದಲನೆಯ ಕೆಲಸವನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೆ. ಆದರೆ ಹೆಸರು ತಿಳಿದಿರಲಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಅಜ್ಜಯ್ಯನ ಕಾಲದ ಒಂದು ಗ್ಯಾಸ್‌ಲೈಟು ಇತ್ತು. ಮದುವೆ ಮುಂಜಿಗಳ ದಿನ ವಿದ್ಯುತ್ತು ಕೈಕೊಟ್ಟಾಗ ಅದನ್ನು ಇಳಿಸಿ, ಸೀಮೆಎಣ್ಣೆ ತುಂಬಿ, ಪಂಪು ಹೊಡೆದು ಹಚ್ಚುತ್ತಿದ್ದರು. ಹೊಸ ಮ್ಯಾಂಟಲ್ ಕಟ್ಟಿದಾಗ ಅದು ಮೊದಲು ಸುಟ್ಟು ಬೂದಿಯಾಗುವುದು, ಆಮೇಲೆ ಆ ಬೂದಿಯ ಬಲೆಯೇ ಝಗ್ಗೆಂದು ಅಂಗಳಕ್ಕೆಲ್ಲ ಬೆಳಕು ಚೆಲ್ಲುವುದು ನನಗೆ ಪವಾಡದಂತೆ ತೋರುತ್ತಿತ್ತು. ಒಮ್ಮೆ ಆರಿದ ದೀಪದ ಮ್ಯಾಂಟಲನ್ನು ಬೆರಳಿನಿಂದ ಮುಟ್ಟಿ ಪುಡಿಮಾಡಿ ಅಜ್ಜಯ್ಯನಿಂದ ಬೈಸಿಕೊಂಡದ್ದೂ ಉಂಟು. ಆ ಬೂದಿಯಲ್ಲಿ ನೂರಕ್ಕೆ 99 ಪಾಲು ಥೋರಿಯಮ್ಮಿನ ಭಸ್ಮ, ಒಂದೇ ಒಂದು ಪಾಲು ಸೀರಿಯಮ್ಮಿನ ಭಸ್ಮ. ಆಸ್ಟ್ರಿಯದ ಔವರ್ ಫಾನ್ ವೆಲ್ಸ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞನು ಅನೇಕ ಸೋಲುಗಳ ಬಳಿಕ 1891ರಲ್ಲಿ ಈ ಮಿಶ್ರಣವನ್ನು ಬಳಕೆಗೆ ತಂದನು. ಥೋರಿಯಮ್ಮಿನ ಭಸ್ಮವೊಂದೇ ಇದ್ದರೆ ಬೆಳಕು ಮಂಕು. ಸೀರಿಯಮ್ಮಿನದೊಂದೇ ಇದ್ದರೂ ಮಂಕು. ನೂರರಲ್ಲಿ ಒಂದು ಪಾಲು ಕೂಡಿದಾಗಲೇ ಕಣ್ಣು ಕೋರೈಸುವ ಬಿಳುಪು. ಹಾಲಿಗೆ ಹೆಪ್ಪು ಹಾಕುವವರಿಗೆ ಈ ಲೆಕ್ಕ ಅರ್ಥವಾಗದೆ ಇರದು.

ಅದೇ ವೆಲ್ಸ್‌ಬಾಕನು 1903ರಲ್ಲಿ ಮತ್ತೊಂದು ಉಪಾಯವನ್ನು ಕಂಡುಹಿಡಿದನು. ಮ್ಯಾಂಟಲ್‌ಗೆ ಬೇಕಾದ ಥೋರಿಯಮ್ಮನ್ನು ತೆಗೆದ ಮೇಲೆ ಅವನ ಕಾರ್ಖಾನೆಯಲ್ಲಿ ಸೀರಿಯಂ ಮುಂತಾದುವು ರಾಶಿರಾಶಿಯಾಗಿ ಉಳಿಯುತ್ತಿದ್ದವು. ಅದಕ್ಕೆ ಕಬ್ಬಿಣವನ್ನು ಬೆರೆಸಿ ಗಟ್ಟಿಮಾಡಿದಾಗ, ಕೆರೆದರೆ ಕಿಡಿಕಾರುವ ಒಂದು ಮಿಶ್ರಲೋಹ ದೊರೆಯಿತು. ಚಕ್ರ ತಿರುಗಿಸಿ ಹೊತ್ತಿಸುವ ಲೈಟರುಗಳಲ್ಲಿ ‘ಕಲ್ಲು’ ಎಂದು ನಾವು ಕರೆಯುವ ಆ ಸಣ್ಣ ತುಂಡು ಕಲ್ಲಲ್ಲ. ಸೀರಿಯಂ ಬೆರೆತ ಈ ಲೋಹವೇ. ಎಸೆಯಬೇಕಾಗಿದ್ದುದು ಹೀಗೆ ಒಂದು ಉದ್ಯಮವಾಯಿತು.

ಮೂರನೆಯ ಕೆಲಸವನ್ನು ನನಗೆ ಕಲಿಸಿದವರು ಆ ಹುಡುಗನ ತಂದೆ. ಅವರು ಗಾಜಿನ ಅಂಗಡಿಯೊಂದರಲ್ಲಿ ಕನ್ನಡಿಗಳ ಅಂಚು ತಿಕ್ಕಿ ಹೊಳಪು ಕೊಡುವ ಕೆಲಸದಲ್ಲಿದ್ದಾರೆ. ಪೋಷಕರ ಸಭೆಗೆ ಬಂದಾಗ ನಾನು ಮಗನ ಪ್ರಶ್ನೆಯ ವಿಷಯ ಹೇಳಿ ಸೀರಿಯಮ್ಮಿನ ಹೆಸರೆತ್ತಿದೆ. ಅವರು ನಕ್ಕು, “ಮಾಷ್ಟ್ರೇ, ಅದು ನಮ್ಮಲ್ಲಿ ಡಬ್ಬಿಗಟ್ಟಲೆ ಉಂಟು. ನೀರಿನಲ್ಲಿ ಕಲಸಿ ತಿಕ್ಕಿದರೆ ಗಾಜಿನ ಗೀರು ಮಾಯ. ಆದರೆ ಅದೊಂದು ಲೋಹ ಅಂತ ನನಗೆ ಯಾರೂ ಹೇಳಿರಲಿಲ್ಲ” ಎಂದರು. ಸೀರಿಯಮ್ಮಿನ ಭಸ್ಮವು ಗಾಜನ್ನು ಬರಿಯ ಒರಟುತನದಿಂದ ಸವೆಸುವುದಿಲ್ಲ. ಗಾಜಿನ ಮೇಲ್ಮೈಯೊಡನೆ ರಾಸಾಯನಿಕವಾಗಿಯೂ ವರ್ತಿಸಿ ಪದರಪದರವಾಗಿ ನಯಮಾಡುತ್ತದೆ. ದುರ್ಬೀನಿನ ಮಸೂರಗಳು, ಕೈಫೋನಿನ ಮುಖದ ಗಾಜು, ಗಣಕಯಂತ್ರದ ಹೃದಯವೆನಿಸಿದ ಸಿಲಿಕಾನ್ ಬಿಲ್ಲೆಗಳು, ಇವೆಲ್ಲಕ್ಕೂ ಹೊಳಪು ಕೊಡಲು ಇದೇ ಪುಡಿಯನ್ನು ಬಳಸುತ್ತಾರೆ. ಮೂವತ್ತಾರು ಪುಟ ಓದಿ ನಾನು ತಿಳಿದುಕೊಂಡದ್ದು ಅವರ ಅಂಗೈಯಲ್ಲಿ ಹತ್ತು ವರ್ಷಗಳಿಂದ ಇದ್ದಿತು.

ನಾಲ್ಕನೆಯದು ನಮ್ಮ ನಗರದ ಉಸಿರಿಗೆ ಸಂಬಂಧಿಸಿದುದು. 1995ರ ಏಪ್ರಿಲ್‌ನಿಂದ ಮುಂಬಯಿ, ದೆಹಲಿ, ಕಲಕತ್ತಾ, ಮದರಾಸು ಎಂಬ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳ ಹೊಗೆಕೊಳವೆಗೆ ಹೊಗೆಯನ್ನು ಶುದ್ಧಿಮಾಡುವ ಸಾಧನವನ್ನು ಜೋಡಿಸುವುದು ಕಡ್ಡಾಯವಾಯಿತು. ಅದರಲ್ಲಿ ಪ್ಲಾಟಿನಂ ಮುಂತಾದ ಬೆಲೆಬಾಳುವ ಲೋಹಗಳೊಡನೆ ಸೀರಿಯಮ್ಮಿನ ಭಸ್ಮವೂ ಇರುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ಅದು ಹೀರಿಟ್ಟುಕೊಳ್ಳುತ್ತದೆ. ಕಡಮೆಯಾದಾಗ ಬಿಟ್ಟುಕೊಟ್ಟು ವಿಷದ ಅನಿಲವನ್ನು ಸುಡಲು ನೆರವಾಗುತ್ತದೆ. ಮೇಲೆ ಹೇಳಿದ ಕೊಡುಕೊಳ್ಳುವ ಸ್ವಭಾವವೇ ಇಲ್ಲಿ ಕೆಲಸಕ್ಕೆ ಬಂದದ್ದು.

ಕಡೆಯದು, ನಾನು ಈ ಲೇಖನವನ್ನು ಬರೆಯುತ್ತಿರುವ ಮೇಜಿನ ಮೇಲಣ ಎಲ್.ಇ.ಡಿ. ದೀಪ. ಅದರೊಳಗಿನ ಸಣ್ಣ ಬಿಲ್ಲೆ ಹುಟ್ಟಿಸುವುದು ನೀಲಿ ಬೆಳಕನ್ನು. ಆ ನೀಲಿ ದೀಪದ ಸಂಶೋಧನೆಗಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ನೀಲಿ ಬೆಳಕಿನಲ್ಲಿ ಮಕ್ಕಳು ಓದಲಾರರು. ಅದರ ಮೇಲೆ ಬಳಿದ ಹಳದಿ ಲೇಪದಲ್ಲಿ ಸಾಧಾರಣವಾಗಿ ಸೀರಿಯಮ್ಮಿನ ಅಂಶವಿರುತ್ತದೆ. ಅದು ನೀಲಿಯ ಒಂದು ಪಾಲನ್ನು ನುಂಗಿ ಹಳದಿಯಾಗಿ ಉಗುಳುತ್ತದೆ. ಎರಡೂ ಬೆರೆತು ಬಿಳಿಯಾಗುತ್ತದೆ. ಅಜ್ಜಯ್ಯನ ಗ್ಯಾಸ್‌ಲೈಟಿನಲ್ಲಿ ಇದ್ದದ್ದೂ ಎಳ್ಳಷ್ಟು ಸೀರಿಯಂ, ಮೊಮ್ಮಗನ ಎಲ್.ಇ.ಡಿ.ಯಲ್ಲಿ ಇರುವುದೂ ಎಳ್ಳಷ್ಟು ಸೀರಿಯಂ. ಎರಡು ಕಾಲದ ಬೆಳಕಿಗೂ ಅದೇ ಹೆಪ್ಪು.

ಹೀಗೆ ಅಟ್ಟದಲ್ಲಿ, ಜೇಬಿನಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ, ಮೇಜಿನ ಮೇಲೆ ಇರುವ ವಸ್ತುವನ್ನು ವಿರಳವೆಂದು ಕರೆದದ್ದರಿಂದ ಆದ ಕೇಡೇನು? ವಿರಳವೆಂದರೆ ಅದು ಯಾರಿಗೋ ಅದೃಷ್ಟದಿಂದ ದೊರೆತ ನಿಧಿ ಎಂಬ ಭಾವನೆ ಬರುತ್ತದೆ. ಚೀನಾದಲ್ಲಿದೆ, ನಮ್ಮಲ್ಲಿಲ್ಲ, ಏನು ಮಾಡುವುದು ಎಂದು ಕೈಕಟ್ಟಿ ಕುಳಿತುಕೊಳ್ಳಲು ಅದು ನೆಪವಾಗುತ್ತದೆ. ಸತ್ಯವೇನೆಂದರೆ ನಮ್ಮಲ್ಲಿಯೂ ಇದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು 2025ರ ಆರಂಭದಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಈ ಗುಂಪಿನ ಭಸ್ಮಗಳ ನಿಕ್ಷೇಪ 69 ಲಕ್ಷ ಟನ್. ಚೀನಾ, ಬ್ರೆಜಿಲ್‌ಗಳನ್ನು ಬಿಟ್ಟರೆ ಮೂರನೆಯ ಸ್ಥಾನ ನಮ್ಮದು. ಆದರೆ 2024ರಲ್ಲಿ ಜಗತ್ತು ತೆಗೆದ 3,90,000 ಟನ್ನಿನಲ್ಲಿ ನಮ್ಮ ಪಾಲು 2,900 ಟನ್. ನೂರಕ್ಕೆ ಒಂದೂ ಇಲ್ಲ.

ಈ ಕಥೆ ಹೊಸತಲ್ಲ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನನು ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜವನ್ನು ಗುರುತಿಸಿದನು. ಥೋರಿಯಂ, ಸೀರಿಯಂ ಎರಡೂ ಇರುವ ಖನಿಜವದು. ಅದರಲ್ಲಿನ ವಿರಳ ಭಸ್ಮಗಳ ಅರ್ಧಕ್ಕೆ ಸಮೀಪದ ಪಾಲು ಸೀರಿಯಮ್ಮಿನದೇ. ಆಮೇಲೆ ಮಣವಾಳಕುರಿಚ್ಚಿಯ ಕಡಲದಂಡೆಯ ಮರಳು ಹಡಗು ಹತ್ತಿ ಯುರೋಪಿಗೆ ಹೋಯಿತು. ಅಲ್ಲಿ ಮ್ಯಾಂಟಲ್ ಆಯಿತು. ಆ ಮರಳಿನ ಮೇಲೆ ನಮ್ಮ ಜನ ಶತಮಾನಗಳಿಂದ ದೋಣಿ ಎಳೆದಿದ್ದರು, ಬಲೆ ಒಣಗಿಸಿದ್ದರು. ಮರಳು ನಮ್ಮದಾಗಿತ್ತು; ಮರಳಿನಲ್ಲಿ ಏನಿದೆಯೆಂಬ ಅರಿವು ನಮ್ಮದಾಗಿರಲಿಲ್ಲ.

ಸ್ವಾತಂತ್ರ್ಯದ ಬಳಿಕ ಈ ಕೊರತೆಯನ್ನು ತುಂಬುವ ಪ್ರಯತ್ನ ನಡೆದುದನ್ನು ಗೌರವದಿಂದ ನೆನೆಯಬೇಕು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು; 1952ರಲ್ಲಿ ಕೇರಳದ ಆಲುವಾದಲ್ಲಿ ಅದರ ಕಾರ್ಖಾನೆ ತೆರೆಯಿತು; 1955ರಲ್ಲಿ ನಮ್ಮ ತುರ್ಭೆಯಲ್ಲಿ, ಎಂದರೆ ಟ್ರಾಂಬೆಯಲ್ಲಿ, ಥೋರಿಯಂ ಕಾರ್ಖಾನೆ ನಡೆಯತೊಡಗಿತು. ಆ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಪ್ರಭಾದೇವಿಯಲ್ಲಿ, ಸಿದ್ಧಿವಿನಾಯಕ ದೇವಸ್ಥಾನದ ಸಮೀಪದಲ್ಲಿ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮಂಗಳವಾರ ತಾಯಂದಿರ ಕೈಹಿಡಿದು ಅದರ ಹತ್ತಿರ ಹಾದುಹೋಗಿದ್ದಾರೆ. ಅಲ್ಲಿ ಏನು ನಡೆಯುತ್ತದೆಂದು ಅವರಿಗೆ ನಾವು ಹೇಳಿದ್ದೇವೆಯೇ?

ಹಾಗಾದರೆ ಕಡಲದಂಡೆಯನ್ನೆಲ್ಲ ಅಗೆದುಬಿಡೋಣವೇ ಎಂದು ಕೇಳುವವರಿರಬಹುದು. ನಾನೂ ಕಡಲದಂಡೆಯವನೇ, ಅಂಥ ಮಾತನ್ನು ಆಡಲಾರೆ. ಕೇರಳದ ಆಲಪ್ಪಾಡಿನ ಜನರು ಮರಳು ಅಗೆತದಿಂದ ತಮ್ಮ ಊರನ್ನು ಕಡಲು ನುಂಗುತ್ತಿದೆಯೆಂದು 2018–19ರಲ್ಲಿ ಚಳವಳಿ ಹೂಡಿದುದನ್ನು ಮರೆಯಲಾಗದು. ಮೋನಜೈಟಿನಲ್ಲಿರುವ ಥೋರಿಯಂ ವಿಕಿರಣವನ್ನು ಸೂಸುವ ವಸ್ತು. ಅದನ್ನು ಎಚ್ಚರವಿಲ್ಲದೆ ಮುಟ್ಟುವಂತಿಲ್ಲ. ನಾನು ಹೇಳುವುದಾದರೋ ಇದಕ್ಕೆ ತಿರುಗುಮುರುಗಾದ ಮಾತು. ಇಂದು ಎಲ್ಲರಿಗೂ ಬೇಕಾದುದು ಕಾಂತಗಳಿಗೆ ಬಳಕೆಯಾಗುವ ನಿಯೋಡಿಮಿಯಂ. ಅದನ್ನು ತೆಗೆಯುವಾಗ ಸೀರಿಯಂ ತಾನಾಗಿಯೇ ಅದಕ್ಕಿಂತ ಹೆಚ್ಚು ಮೊತ್ತದಲ್ಲಿ ಹೊರಬರುತ್ತದೆ, ಅಗ್ಗವಾಗಿ ಬಿದ್ದಿರುತ್ತದೆ. ಒಮ್ಮೆ ಅಗೆದ ಮರಳಿನಿಂದ ಒಂದನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಮೂಲೆಗೆ ತಳ್ಳಿದರೆ ಆ ದಂಡೆಯ ಜನರಿಗೆ ಎರಡು ಸಲ ಅನ್ಯಾಯ ಮಾಡಿದಂತೆ. ವೆಲ್ಸ್‌ಬಾಕನು ಕಸದಿಂದ ಕಿಡಿಯನ್ನು ತೆಗೆದನು. ನಾವು ಅದೇ ಸೀರಿಯಮ್ಮಿಗೆ ಹೊಸ ಕೆಲಸಗಳನ್ನು ಹುಡುಕಬೇಕು. ಕಡಮೆ ಅಗೆದು ಹೆಚ್ಚು ಬಳಸುವುದಕ್ಕೆ ಬೇಕಾದುದು ಹೆಚ್ಚು ಗುದ್ದಲಿಗಳಲ್ಲ, ಹೆಚ್ಚು ತಿಳಿವಳಿಕೆ.

ಆದುದರಿಂದ ವಿರಳವಾದುದು ಲೋಹವಲ್ಲ. ಒಂದೇ ಅಚ್ಚಿನ ಹದಿನೇಳು ಲೋಹಗಳನ್ನು ಒಂದರಿಂದೊಂದನ್ನು ಬಿಡಿಸುವ ತಾಳ್ಮೆ ವಿರಳ. ಕೆಲವನ್ನು ಬೇರ್ಪಡಿಸಲು ನೂರಾರು ಹಂತಗಳ ಶೋಧನೆ ಬೇಕಾಗುತ್ತದೆ. ಭಸ್ಮವನ್ನು ಕಂಡ ಮೇಲೆ ಲೋಹವನ್ನು ಪಡೆಯಲು ಎಪ್ಪತ್ತೆರಡು ವರ್ಷ ಬಿಡದೆ ದುಡಿದರಲ್ಲ, ಆ ಪಟ್ಟು ವಿರಳ. ಚೀನಾ ಇಂದು ಮುಂದಿರುವುದು ಮರಳಿನ ಬಲದಿಂದ ಮಾತ್ರವಲ್ಲ. ಈ ಬೇರ್ಪಡಿಸುವ ವಿದ್ಯೆಯನ್ನು ಹಲವು ದಶಕಗಳ ಕಾಲ ಕೈಬಿಡದೆ ಬೆಳೆಸಿದ್ದರಿಂದ.

ಇಲ್ಲಿ ನಮ್ಮ ಶಾಲೆಯ ಮಾತು ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ವಿಜ್ಞಾನ ಬಾರದು ಎಂಬ ಮಾತನ್ನು ಮುಂಬಯಿಗೆ ಬಂದಂದಿನಿಂದ ನಾನು ಕೇಳುತ್ತಿದ್ದೇನೆ. ಸಂಕೋಚದಿಂದ ತಲೆತಗ್ಗಿಸಿದ್ದೂ ಉಂಟು. ಈಗ ತಗ್ಗಿಸುವುದಿಲ್ಲ. ‘ಭೂ’ ಎಂದು ಯಾಕೆ ಎಂಬ ಪ್ರಶ್ನೆ ಆ ಹುಡುಗನಿಗೆ ಹೊಳೆದದ್ದು, ಅವನು ಆ ಪದವನ್ನು ತನ್ನ ಭಾಷೆಯಲ್ಲಿ ಓದಿದ್ದರಿಂದ. ಪರಭಾಷೆಯ ಹೆಸರನ್ನು ಅವನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಿದ್ದನು. ತಾಯ್ನುಡಿಯಲ್ಲಿ ಓದುವವನಿಗೆ ತಪ್ಪು ಹೆಸರು ಹಲ್ಲಿಗೆ ಕಲ್ಲು ಸಿಕ್ಕಂತೆ ಸಿಕ್ಕುತ್ತದೆ. ಆದರೆ ಇಷ್ಟನ್ನೇ ಹೇಳಿ ಬೆನ್ನು ತಟ್ಟಿಕೊಳ್ಳುವುದು ನ್ಯಾಯವಲ್ಲ. ಅವನು ಕೇಳಿದಾಗ ಉತ್ತರ ಕೊಡಲಾರದೆ ಹೋದವನು ನಾನು. ಭಾಷೆ ಪ್ರಶ್ನೆಯನ್ನು ಕೊಟ್ಟಿತು. ಉತ್ತರವನ್ನು ದುಡಿದು ಸಂಪಾದಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವಾಗಿತ್ತು.

ಅದಕ್ಕಾಗಿ ನನ್ನದೊಂದು ಸಣ್ಣ ಸೂಚನೆ. ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಒಂದು ಮಣೆಯನ್ನು ಸೀರಿಯಮ್ಮಿಗಾಗಿ ಬಿಡೋಣ. ಕೆಟ್ಟುಹೋದ ಒಂದು ಲೈಟರ್, ಒಡೆದ ಒಂದು ಎಲ್.ಇ.ಡಿ. ದೀಪ, ಗಾಜಿಗೆ ಹೊಳಪು ಕೊಡುವ ಒಂದು ಚಮಚ ಪುಡಿ; ಇವಕ್ಕೆ ಖರ್ಚೇನೂ ತಗಲದು. ಮ್ಯಾಂಟಲ್ ಮಾತ್ರ ಬೇಡ. ಅದರ ಚಿತ್ರ ಸಾಕು. ಆ ಮಣೆಗೆ ‘ವಿರಳ ಭಸ್ಮ’ ಎಂಬ ಸರಿಯಾದ ಹೆಸರನ್ನು ಮಕ್ಕಳ ಕೈಯಿಂದಲೇ ಬರೆಸಿ, ‘ವಿರಳ’ ಎಂಬುದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿಸೋಣ. ಒಂದು ಶನಿವಾರ ಆ ಹುಡುಗನ ತಂದೆಯವರನ್ನು ತರಗತಿಗೆ ಕರೆದು, ಗೀರುಬಿದ್ದ ಗಾಜನ್ನು ಮಕ್ಕಳೆದುರಿಗೆ ತಿಕ್ಕಿ ತೋರಿಸುವಂತೆ ಬೇಡಿಕೊಳ್ಳೋಣ. ಅವರು ಕೈಯಲ್ಲಿ ಬಲ್ಲುದನ್ನು ನಾವು ಮಾತಿನಲ್ಲಿ ಹೇಳೋಣ. ನಾವು ಮಾತಿನಲ್ಲಿ ಮಾತ್ರ ಬಲ್ಲುದನ್ನು ಅವರ ಕೈಯಿಂದ ಕಲಿಯೋಣ. ಇದಕ್ಕೆ ಮುಖ್ಯೋಪಾಧ್ಯಾಯರೂ ಪೋಷಕವರ್ಗದವರೂ ಸಮ್ಮತಿಸುವರೆಂದು ನಂಬಿದ್ದೇನೆ. ಹುಡುಗನ ತಂದೆಯವರನ್ನು ನಾನು ಆಗಲೇ ಕೇಳಿಯಾಗಿದೆ. ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬರುತ್ತೇನೆಂದು ಅವರು ಮಾತುಕೊಟ್ಟಿದ್ದಾರೆ.